ಉಪಕಾರಿ ಪ್ರಭುತ್ವವೂ ಫ್ಯಾಸಿಸಮ್ಮೂ: ಮೈಸೂರಿನ ಅನುಭವದಿಂದ ಒಂದು ವಿಚಾರ



ಫ್ಯಾಸಿಸಮ್, ಸರ್ವಾಧಿಕಾರ ಮೊದಲಾದ ರಾಜಕೀಯ ಭಾವನೆಗಳ ಸ್ವರೂಪವನ್ನು ವಿವರಿಸಬೇಕೆಂದು ಈ ಉಪನ್ಯಾಸದ ದತ್ತಿಯ ವ್ಯವಸ್ಥಾಪಕರು ನನಗೆ ಅಪ್ಪಣೆ ಮಾಡಿದಾಗ, ಅವರು ರೋಮ್ ಮತ್ತು ಬರ್ಲಿನ್ ನಗರಗಳ ಕಥೆಯನ್ನು ನಿರೀಕ್ಷಿಸಿದ್ದರೆಂಬುದನ್ನು ಬಲ್ಲೆ. ಆ ಕಥೆಗೆ ನಾನು ಬಾರದೆ ಇರುವುದಿಲ್ಲ. ಆದರೆ ಮೈಸೂರಿನಲ್ಲಿ ನಿಂತು ಮಾತನಾಡುವವನು ಮೈಸೂರಿನಿಂದಲೇ ಹೊರಡುವುದು ನ್ಯಾಯವೆಂದು ತೋರಿದುದರಿಂದ, 1881ನೆಯ ಇಸವಿಯ ಅಕ್ಟೋಬರ್ 7ನೆಯ ದಿನದಿಂದ ಆರಂಭಿಸುತ್ತೇನೆ.

ಐವತ್ತು ವರ್ಷಗಳ ಕಮಿಷನರ್ ಆಡಳಿತ ಆ ವರ್ಷದ ಮಾರ್ಚ್ ತಿಂಗಳಲ್ಲಿ ಕೊನೆಗೊಂಡು, ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಹಿಂದಿರುಗಿ ಬಂದಿತ್ತು. ದಿವಾನರಾದ ಸಿ. ರಂಗಾಚಾರ್ಲುರವರು, ಬ್ರಿಟಿಷ್ ಇಂಡಿಯಾದಲ್ಲಿಯೂ ಇಲ್ಲದಿದ್ದ ಒಂದು ಸಾಹಸವನ್ನು ಕೈಗೊಂಡು, ತಾಲ್ಲೂಕು ತಾಲ್ಲೂಕುಗಳಿಂದ ರೈತಪ್ರಮುಖರನ್ನೂ ವರ್ತಕರನ್ನೂ ಕರೆಸಿ, ದಸರೆಯ ಕಾಲಕ್ಕೆ ಸರಿಯಾಗಿ ಈ ನಗರದಲ್ಲಿ ಪ್ರಜಾಪ್ರತಿನಿಧಿ ಸಭೆಯ ಪ್ರಥಮಾಧಿವೇಶನವನ್ನು ನಡೆಸಿದರು. 144 ಮಂದಿ ಸದಸ್ಯರು. ಸಂಸ್ಥಾನದ ಆದಾಯವೆಷ್ಟು, ವೆಚ್ಚವೆಷ್ಟು, ಕ್ಷಾಮದಿಂದ ಬೆನ್ನು ಮುರಿದಿದ್ದ ಬೊಕ್ಕಸದ ಅವಸ್ಥೆಯೇನು ಎಂಬುದನ್ನು ದಿವಾನರು ಅವರ ಮುಂದೆ ಬಿಚ್ಚಿಟ್ಟರು. ಸದಸ್ಯರು ತಮ್ಮ ಸೀಮೆಯ ಕೆರೆ, ರಸ್ತೆ, ಕಂದಾಯಗಳ ಕಷ್ಟವನ್ನು ಬಿನ್ನವಿಸಿಕೊಂಡರು. ಯಾವ ಪ್ರಜೆಯೂ ಕೇಳದೆ ಇದ್ದಾಗ ಪ್ರಭುತ್ವವು ತಾನಾಗಿಯೇ ಮುಂದೆ ಬಂದು ಪ್ರಜೆಗೆ ಲೆಕ್ಕವೊಪ್ಪಿಸಿದ ಆ ದಿನವು, ಕನ್ನಡನಾಡಿನ ಇತಿಹಾಸದಲ್ಲಿ ಸ್ಮರಣಾರ್ಹವಾದ ದಿನವೆಂಬುದರಲ್ಲಿ ನನಗೆ ಸಂದೇಹವಿಲ್ಲ. ರಂಗಾಚಾರ್ಲು ಪುರಭವನದ ಮುಂದೆ ಹಾದುಹೋಗುವಾಗ ಅದರ ಹೆಸರಿಗೆ ಕಾರಣನಾದ ಮನುಷ್ಯನನ್ನು ನಾವು ಒಮ್ಮೆಯಾದರೂ ನೆನೆಯುವುದು ಒಳ್ಳೆಯದು. ಈಗ ಅದರ ಸುತ್ತಲೂ ವಾಹನಗಳನ್ನು ನಿಲ್ಲಿಸಲು ಸ್ಥಳ ಸಿಕ್ಕೀತೇ ಎಂಬ ಚಿಂತೆಯೊಂದೇ ನಮಗೆ ಉಳಿದಿರುವಂತೆ ಕಾಣುತ್ತದೆ.

ಆದರೆ ಆ ಸಭೆಗೆ ಇದ್ದ ಅಧಿಕಾರವೇನು? ಕೇಳುವ ಅಧಿಕಾರ, ಬಿನ್ನವಿಸುವ ಅಧಿಕಾರ, ಉತ್ತರವನ್ನು ಆಲಿಸಿ ಊರಿಗೆ ಮರಳುವ ಅಧಿಕಾರ, ಇಷ್ಟೆ. 1891ರಿಂದ ಸದಸ್ಯರ ಚುನಾವಣೆ ಬಂದಿತು. 1907ರಲ್ಲಿ ನ್ಯಾಯವಿಧಾಯಕ ಸಭೆಯೊಂದು ಹುಟ್ಟಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆತು, ಹೆಂಗಸರಿಗೂ ಮತಾಧಿಕಾರದ ಬಾಗಿಲು ತೆರೆಯಿತು. ಇಷ್ಟಾದಾಗ್ಯೂ ದಿವಾನರನ್ನು ನೇಮಿಸುವವರು ಮಹಾರಾಜರು, ಬಿಡಿಸುವವರು ಮಹಾರಾಜರು. ಸಭೆಯ ಅವಿಶ್ವಾಸದಿಂದ ಅವರ ಆಸನವು ಅಲುಗುವಂತಿರಲಿಲ್ಲ. ಸಭೆಗೆ ದಿವಾನರು ಲೆಕ್ಕವನ್ನು ಓದಿ ಹೇಳುತ್ತಿದ್ದರೇ ಹೊರತು, ಆ ಲೆಕ್ಕಕ್ಕಾಗಿ ಸಭೆಗೆ ಹೊಣೆಯಾಗಿರಲಿಲ್ಲ.

ಈ ಪ್ರಭುತ್ವವು ಕೊಟ್ಟದ್ದನ್ನು ಹಗುರಮಾಡುವ ಉದ್ದೇಶ ನನಗೆ ಕಿಂಚಿತ್ತೂ ಇಲ್ಲ. ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಕನ್ನಂಬಾಡಿಯ ಕಟ್ಟೆಯು ಮಂಡ್ಯ ಸೀಮೆಯ ಒಣನೆಲವನ್ನು ಹಸುರುಮಾಡಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಶಿಫಾರಸಿನ ಮೇಲೆ, ಸರಕಾರಿ ಉದ್ಯೋಗಗಳಲ್ಲಿ ಬ್ರಾಹ್ಮಣೇತರರಿಗೂ ಹಿಂದುಳಿದವರಿಗೂ ನ್ಯಾಯವಾದ ಪಾಲನ್ನು ಕೊಡಿಸುವ ಕಾರ್ಯವು ಮೊದಲಾಯಿತು. ಕಡೆಯದನ್ನು ನಾನು ವಿಶೇಷವಾಗಿ ಒತ್ತಿ ಹೇಳುತ್ತೇನೆ. ಅಂದಿನ ಕಾಲದಲ್ಲಿ, ವಿದ್ಯಾವಂತರ ಸಣ್ಣ ಗುಂಪಿನ ಕೈಯಲ್ಲಿಯೇ ಸಭೆಗಳೂ ಪತ್ರಿಕೆಗಳೂ ವಕೀಲಿಯೂ ಇದ್ದಾಗ, ಬಹುಸಂಖ್ಯಾತರಾದ ಅವಿದ್ಯಾವಂತರ ಪಾಲಿಗೆ ಅರಮನೆಯೇ ಸಮೀಪದ ಆಶ್ರಯವಾಗಿತ್ತು. 1917ರಲ್ಲಿ ಪ್ರಜಾಮಿತ್ರಮಂಡಲಿಯನ್ನು ಕಟ್ಟಿದವರು ಕಾಂಗ್ರೆಸ್ಸಿಗಿಂತ ಮಹಾರಾಜರನ್ನು ನೆಚ್ಚಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಜವಾಬ್ದಾರಿ ಸರಕಾರವೆಂದರೆ ಮೇಲುಜಾತಿಯ ವಕೀಲರ ಸರಕಾರವಾದೀತೆಂಬ ಅವರ ಭೀತಿಯು ಕಲ್ಪಿತವಾದುದಲ್ಲ. ಆ ಭೀತಿಯು ಕ್ರಮೇಣ ಕರಗಿ, ಅವರ ಪರಂಪರೆಯ ಪ್ರಜಾಸಂಯುಕ್ತ ಪಕ್ಷದವರು 1937ರಲ್ಲಿ ಕಾಂಗ್ರೆಸ್ಸಿನಲ್ಲಿ ಬೆರೆತ ಮೇಲೆಯೇ ಮೈಸೂರಿನ ಚಳವಳಿಗೆ ಹಳ್ಳಿಗಳಲ್ಲಿ ಬೇರು ಇಳಿಯಿತು.

ಇಂಥ ಪ್ರಭುತ್ವವನ್ನು ನಾನು ಉಪಕಾರಿ ಪ್ರಭುತ್ವವೆಂದು ಕರೆಯುತ್ತೇನೆ. ಇದರ ಕೈ ದೊಡ್ಡದು, ಕಿವಿಯೂ ಚಿಕ್ಕದಲ್ಲ. ಆದರೆ ತನ್ನನ್ನು ಹೊಗಳುವ ಬಾಯಿಗೂ ಪ್ರಶ್ನಿಸುವ ಬಾಯಿಗೂ ಒಂದೇ ಬೆಲೆಯನ್ನು ಕೊಡುವ ಧೈರ್ಯ ಅದಕ್ಕೆ ಇರುವುದಿಲ್ಲ. 1908ರಲ್ಲಿ ಮೈಸೂರು ಸರಕಾರವು ವೃತ್ತಪತ್ರಿಕೆಗಳ ಮೇಲೆ ಒಂದು ಕಾನೂನನ್ನು ತಂದಿತು. ಸರಕಾರದ ಅನುಮತಿಯಿಲ್ಲದೆ ಪತ್ರಿಕೆಯನ್ನು ಹೊರಡಿಸಕೂಡದು. ಹೊರಡುತ್ತಿರುವ ಪತ್ರಿಕೆಯನ್ನೂ ನ್ಯಾಯಸ್ಥಾನದ ವಿಚಾರಣೆಯಿಲ್ಲದೆಯೇ ನಿಲ್ಲಿಸಬಹುದು. ಮರಿಮಲ್ಲಪ್ಪನವರ ಶಾಲೆಯ ಮುಖ್ಯೋಪಾಧ್ಯಾಯರೂ, ಮೈಸೂರಿನ ಪತ್ರಿಕೋದ್ಯಮಕ್ಕೆ ಪಿತಾಮಹರೂ ಆಗಿದ್ದ ಎಂ. ವೆಂಕಟಕೃಷ್ಣಯ್ಯನವರು, ನಮ್ಮೆಲ್ಲರ ತಾತಯ್ಯನವರು, ಅನಾಥರಿಗೆ ಆಲಯವನ್ನು ಕಟ್ಟಿ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ದುಡಿದ ಸಾಧುಗಳು. ರಾಜದ್ರೋಹವೆಂಬುದು ಅವರ ಕನಸಿನಲ್ಲಿಯೂ ಸುಳಿದಿರಲಾರದು. ಅಂಥವರು ನಡೆಯಿಸುತ್ತಿದ್ದ ಪತ್ರಿಕೋದ್ಯಮದ ಕೊರಳಿಗೇ ಆ ಕಾನೂನಿನ ಕುಣಿಕೆ ಬಿದ್ದಿತೆಂಬುದನ್ನು, ಮಾದರಿ ಸಂಸ್ಥಾನದ ಸ್ತುತಿಪಾಠವನ್ನು ಒಪ್ಪಿಸುವಾಗ ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ.

ಇನ್ನು ಇಟಲಿಗೆ ಬರೋಣ.

ಮುಸೊಲಿನಿಯು 1919ರ ಮಾರ್ಚ್ ತಿಂಗಳಲ್ಲಿ ಮಿಲಾನ್ ನಗರದಲ್ಲಿ ತನ್ನ ಗುಂಪನ್ನು ಕಟ್ಟಿದಾಗ ಅವನನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. 1921ರ ಚುನಾವಣೆಯಲ್ಲಿ 535 ಸ್ಥಾನಗಳ ಪಾರ್ಲಿಮೆಂಟಿನಲ್ಲಿ ಅವನ ಪಕ್ಷಕ್ಕೆ ದೊರೆತದ್ದು 35. ಆದರೆ ಪಾರ್ಲಿಮೆಂಟಿನ ಹೊರಗೆ, ಪೋ ನದಿಯ ಬಯಲಿನ ಹಳ್ಳಿಗಳಲ್ಲಿ, ಅವನ ಕಪ್ಪಂಗಿಯ ದಳಗಳು ಕೂಲಿಕಾರರ ಸಂಘಗಳ ಕಚೇರಿಗಳಿಗೆ ಬೆಂಕಿಯಿಡುತ್ತ, ಎದುರಾಡಿದವರನ್ನು ದೊಣ್ಣೆಯಿಂದ ಬಡಿಯುತ್ತ, ಅವರ ಬಾಯಿಗೆ ಹರಳೆಣ್ಣೆಯನ್ನು ಬಲವಂತದಿಂದ ಸುರಿಯುತ್ತ ಇದ್ದುವು. ಜಮೀನ್ದಾರರು ಹಣವನ್ನು ಕೊಟ್ಟರು, ಪೋಲೀಸರು ಬೇರೆ ಕಡೆ ನೋಡಿದರು. 1922ರ ಅಕ್ಟೋಬರ್ 28ರಂದು ಆ ದಳಗಳು ರೋಮಿನ ಮೇಲೆ ನಡೆದುಬಂದಾಗ, ಪ್ರಧಾನಮಂತ್ರಿ ಫಾಕ್ಟಾ ಸಿದ್ಧಪಡಿಸಿದ ಸೈನಿಕಶಾಸನದ ಆಜ್ಞೆಗೆ ದೊರೆ ವಿಕ್ಟರ್ ಇಮ್ಯಾನ್ಯುಯೆಲ್ ಸಹಿ ಹಾಕಲಿಲ್ಲ. ಮುಸೊಲಿನಿಯನ್ನೇ ಮಂತ್ರಿಮಂಡಲ ರಚಿಸಲು ಕರೆದ. ಹತ್ತು ವರ್ಷಗಳ ತರುವಾಯ ಜರ್ಮನಿಯಲ್ಲಿ ನಡೆದುದೂ ಬಹುಮಟ್ಟಿಗೆ ಹೀಗೆಯೇ. 1933ರ ಜನವರಿ 30ರಂದು ಹಿಟ್ಲರನನ್ನು ಅಧಿಕಾರಕ್ಕೆ ಕೂರಿಸಿದವರು, ಅವನನ್ನು ತಮ್ಮ ಅಂಕೆಯಲ್ಲಿ ಇಟ್ಟುಕೊಳ್ಳಬಲ್ಲೆವೆಂದು ನಂಬಿದ್ದ ಕುಲೀನರು. ಮಾರ್ಚ್ 23ರಂದು ಪಾರ್ಲಿಮೆಂಟು ತನ್ನ ಶಾಸನಾಧಿಕಾರವನ್ನು ತಾನೇ ಅವನ ಕೈಗೆ ಒಪ್ಪಿಸಿತು, ಪರವಾಗಿ 444 ಮತ, ವಿರುದ್ಧವಾಗಿ ಸೋಷಿಯಲ್ ಡೆಮಾಕ್ರಟರ 94 ಮತ. ಕಮ್ಯೂನಿಸ್ಟ್ ಸದಸ್ಯರು ಆ ವೇಳೆಗೆ ಸೆರೆಯಲ್ಲಿಯೋ ಅಜ್ಞಾತವಾಸದಲ್ಲಿಯೋ ಇದ್ದರು.

ಈ ಎರಡು ವೃತ್ತಾಂತಗಳಲ್ಲಿ ಹಳೆಯ ಕಾಲದ ರಾಜರ ದಬ್ಬಾಳಿಕೆಗಿಂತ ಭಿನ್ನವಾದುದು ಏನು? ಹಳೆಯ ನಿರಂಕುಶ ಪ್ರಭು ತನ್ನ ಪ್ರಜೆಯಿಂದ ಬಯಸುವುದು ಮೌನವನ್ನು. ತೆರಿಗೆಯನ್ನು ಕೊಟ್ಟು, ಕೈಮುಗಿದು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡವನ ಅಂತರಂಗದ ಗೋಜಿಗೆ ಅವನು ಹೋಗುವುದಿಲ್ಲ. ಸ್ಪೆಯಿನಿನ ಫ್ರಾಂಕೋ, ಪೋರ್ಚುಗಲಿನ ಸಲಜಾರ್ ಮೊದಲಾದವರ ಸರ್ವಾಧಿಕಾರವನ್ನೂ, ಅವರು ಫ್ಯಾಸಿಸ್ಟರ ವೇಷಭೂಷಣಗಳನ್ನು ಅಷ್ಟಿಷ್ಟು ಎರವಲು ಪಡೆದಿದ್ದಾಗ್ಯೂ, ವಿದ್ವಾಂಸರಲ್ಲಿ ಅನೇಕರು ಈ ಹಳೆಯ ಜಾತಿಗೇ ಸೇರಿಸುತ್ತಾರೆ; ಅವರಿಗೆ ಬೇಕಾದದ್ದು ಚರ್ಚು, ಸೈನ್ಯ, ಜಮೀನ್ದಾರಿಕೆಗಳು ಅಲುಗದೆ ಇರತಕ್ಕ ಒಂದು ನಿಶ್ಚಲತೆ. ಫ್ಯಾಸಿಸಮ್ಮಾದರೋ ಮೌನದಿಂದ ತೃಪ್ತವಾಗುವುದಿಲ್ಲ. ಅದಕ್ಕೆ ಪ್ರಜೆಯ ಕಂಠವೇ ಬೇಕು, ಅವನ ಮಗನ ಸಮವಸ್ತ್ರವೂ ಬೇಕು, ನೆರೆಯವನ ಮೇಲಿನ ಅವನ ದ್ವೇಷವೂ ಬೇಕು. ಜನಾಂಗಕ್ಕೆ ಅಪಮಾನವಾಗಿದೆ, ಅದರ ಪುರಾತನ ವೈಭವವನ್ನು ಯಾರೋ ಕದ್ದಿದ್ದಾರೆ, ಆ ಕಳ್ಳರು ನಮ್ಮ ಬೀದಿಯಲ್ಲಿಯೇ ನಮ್ಮವರಂತೆ ನಟಿಸುತ್ತ ವಾಸವಾಗಿದ್ದಾರೆ, ಅವರನ್ನು ಶಿಕ್ಷಿಸಲು ಕಾನೂನು ಸಾಲದು, ಆದಕಾರಣ ಕಾನೂನಿಗಿಂತ ಮೇಲಾದ ಒಬ್ಬ ಪುರುಷನು ಬೇಕು, ಅವನ ಇಚ್ಛೆಯೇ ಜನದ ಇಚ್ಛೆ: ಈ ವಾದಸರಣಿಯಲ್ಲಿ ಪ್ರಜೆಯು ಪ್ರೇಕ್ಷಕನಾಗಿ ಉಳಿಯುವುದಿಲ್ಲ, ಪಾತ್ರಧಾರಿಯಾಗಿ ರಂಗಕ್ಕೆ ಬರುತ್ತಾನೆ. ಅದರ ಹಿಂಸೆಯ ಬಹುಭಾಗವನ್ನು ನಡೆಯಿಸುವವರು ಸಂಬಳದ ಪೋಲೀಸರಲ್ಲ. ಉತ್ಸಾಹದಿಂದ ಮುಂದೆ ಬಂದ ಸಾಮಾನ್ಯರು. ಇದೇ ಅದರ ವಿಶೇಷ, ಇದೇ ಅದರ ಭೀಕರತೆ. ನಿರಂಕುಶ ದೊರೆ ಸತ್ತರೆ ರಾಜ್ಯವು ನಿಟ್ಟುಸಿರು ಬಿಡುತ್ತದೆ. ಫ್ಯಾಸಿಸ್ಟ್ ನಾಯಕ ಸತ್ತರೆ ಅವನಿಗಾಗಿ ನೆರೆಯವನನ್ನು ಹಿಡಿದುಕೊಟ್ಟವನು ಇನ್ನೂ ಆ ಬೀದಿಯಲ್ಲಿಯೇ ಇರುತ್ತಾನೆ.

ವಿಶ್ವವಿದ್ಯಾನಿಲಯದ ನಗರದಲ್ಲಿ ಮಾತನಾಡುತ್ತಿರುವುದರಿಂದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. 1931ರಲ್ಲಿ ಇಟಲಿಯ ವಿಶ್ವವಿದ್ಯಾನಿಲಯಗಳ ಪ್ರಾಧ್ಯಾಪಕರೆಲ್ಲರೂ ಫ್ಯಾಸಿಸ್ಟ್ ಪ್ರಭುತ್ವಕ್ಕೆ ನಿಷ್ಠೆಯ ಪ್ರಮಾಣವಚನ ಮಾಡಬೇಕೆಂಬ ಆಜ್ಞೆ ಹೊರಟಿತು. ಸುಮಾರು 1200 ಮಂದಿಯಲ್ಲಿ ಒಲ್ಲೆವೆಂದವರು ಹನ್ನೆರಡು ಮಂದಿ. ಉಳಿದವರೆಲ್ಲ ಹೇಡಿಗಳಾಗಿದ್ದರೆಂದು ನಾನು ಹೇಳಲಾರೆ. ತಾವು ಬಿಟ್ಟುಹೋದರೆ ಆ ಪೀಠಕ್ಕೆ ಅಯೋಗ್ಯನೊಬ್ಬನು ಬರುವನೆಂಬ ವಾದವೂ, ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆಂಬ ವಾದವೂ ಅವರಿಗೆ ಇದ್ದೀತು. ಈ ವಾದಗಳು ನನಗೆ ಪರಕೀಯವಾಗಿ ಕೇಳಿಸುವುದಿಲ್ಲ.

ಈಗ ಮೈಸೂರಿಗೆ ಮರಳಿ, ಉಪಕಾರಿ ಪ್ರಭುತ್ವವು ತನ್ನನ್ನು ಪ್ರಶ್ನಿಸಿದವರೊಡನೆ ಹೇಗೆ ನಡೆದುಕೊಂಡಿತೆಂಬುದನ್ನು ನೋಡೋಣ. ನಾಲ್ಕನೆಯ ಕೃಷ್ಣರಾಜ ಒಡೆಯರಂಥ ಸತ್ಪುರುಷರು ಸಿಂಹಾಸನದಲ್ಲಿ, ಸರ್ ಮಿರ್ಜಾ ಇಸ್ಮಾಯಿಲರಂಥ ದಕ್ಷರು ದಿವಾನಗಿರಿಯಲ್ಲಿ ಇದ್ದ ಕಾಲವೇ ಈ ಪರೀಕ್ಷೆಗೆ ಯೋಗ್ಯವಾದದ್ದು, ಏತಕ್ಕೆಂದರೆ ದುಷ್ಟರ ಆಳ್ವಿಕೆಯಿಂದ ಈ ವಿಷಯದಲ್ಲಿ ನಾವು ಕಲಿಯುವುದು ಅಲ್ಪ. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ಸಿನವರು ನಿಷೇಧವನ್ನು ಮೀರಿ ತ್ರಿವರ್ಣಧ್ವಜವನ್ನು ಹಾರಿಸಿ ಸೆರೆಮನೆಗೆ ಹೋದರು. ಅದೇ ತಿಂಗಳ 25ರಂದು, ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದ ಜಾತ್ರೆಯಲ್ಲಿ ಧ್ವಜಕ್ಕಾಗಿಯೇ ನೆರೆದ ಜನದ ಮೇಲೆ ಸಂಸ್ಥಾನದ ಪೋಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ವಿಷಯದಲ್ಲಿ ಸರಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಬಹಳ ಅಂತರವಿದೆ. ಆ ಅಂತರವೂ ಒಂದು ಸಾಕ್ಷ್ಯವೇ. ರಾಜರ್ಷಿಯೆಂದು ಗಾಂಧಿಯವರಿಂದ ಹೊಗಳಿಸಿಕೊಂಡ ದೊರೆಯ ರಾಜ್ಯದಲ್ಲಿ ಇದು ನಡೆಯಿತು.

ಆದರೆ ಮುಂದೆ ನಡೆದುದನ್ನೂ ಹೇಳಬೇಕು. ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದರು. ಮಿರ್ಜಾರವರು ಅವರೊಡನೆ ಕುಳಿತು ಮಾತನಾಡಿದರು. ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ಸಿನ ಧ್ವಜವೂ ಹಾರಬಹುದೆಂದು ಒಪ್ಪಂದವಾಯಿತು. ಗೋಲಿಬಾರಿನ ವಿಚಾರಣೆಗೆ ನ್ಯಾಯಮೂರ್ತಿ ವೇಪಾ ರಾಮೇಶಂರವರ ಸಮಿತಿ ಬಂದಿತು. ಮುಸೊಲಿನಿಯ ಇಟಲಿಯಲ್ಲಿ ಇದು ಊಹೆಗೂ ಮೀರಿದ್ದು. ಅಲ್ಲಿ 1924ರಲ್ಲಿ, ಪಾರ್ಲಿಮೆಂಟಿನಲ್ಲಿಯೇ ಎದ್ದುನಿಂತು ಚುನಾವಣೆಯ ಅಕ್ರಮಗಳನ್ನು ಬಯಲಿಗೆಳೆದ ಮಟಿಯೊಟ್ಟಿಯನ್ನು ಕೆಲವೇ ದಿನಗಳಲ್ಲಿ ಕೊಂದುಹಾಕಿದರು. ಮುಂದಿನ ಜನವರಿ 3ರಂದು ಮುಸೊಲಿನಿಯು ಅದೇ ಸಭೆಗೆ ಬಂದು, ನಡೆದುದಕ್ಕೆಲ್ಲ ತಾನೇ ಹೊಣೆಯೆಂದು ಎದೆ ತಟ್ಟಿ ಹೇಳಿದ, ಯಾರೂ ಅವನನ್ನು ಏನೂ ಮಾಡಲಿಲ್ಲ. ಮೈಸೂರಿನ ಪ್ರಭುತ್ವವು ಕ್ರೂರವಾಗಬಲ್ಲುದಾಗಿತ್ತು, ಆದರೆ ತನ್ನ ಕ್ರೌರ್ಯದ ಬಗ್ಗೆ ಅದು ನಾಚುತ್ತಿತ್ತು, ಹೆಮ್ಮೆಪಡುತ್ತಿರಲಿಲ್ಲ. ಈ ನಾಚಿಕೆಯನ್ನು ನಾನು ಬಹಳ ದೊಡ್ಡ ವಿಷಯವೆಂದು ಎಣಿಸುತ್ತೇನೆ. ಫ್ಯಾಸಿಸಮ್ಮಿಗೂ ಇತರ ದಬ್ಬಾಳಿಕೆಗಳಿಗೂ ನಡುವೆ ಗೆರೆಯನ್ನು ಎಳೆಯುವಾಗ ಪಕ್ಷದ ಬಣ್ಣವನ್ನೂ ಆರ್ಥಿಕ ಕಾರ್ಯಕ್ರಮವನ್ನೂ ನೋಡುವುದಕ್ಕಿಂತ, ಅಲ್ಲಿ ಹಿಂಸೆಯನ್ನು ಮುಚ್ಚಿಡುತ್ತಾರೆಯೇ ಮೆರೆಯಿಸುತ್ತಾರೆಯೇ ಎಂಬುದನ್ನು ನೋಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಈಸೂರಿನ ಕಥೆ ಇದಕ್ಕಿಂತ ಕಠೋರವಾದುದು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿಯವರು ತಮ್ಮದೇ ಸ್ವತಂತ್ರ ಸರಕಾರವನ್ನು ಸಾರಿ, ಇನ್ನೂ ಮೀಸೆ ಮೂಡದ ಹುಡುಗರಿಬ್ಬರನ್ನು ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿದರು. ಸರಕಾರದ ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಸೆಪ್ಟೆಂಬರ್ 28ರಂದು ಹಳ್ಳಿಗೆ ಬಂದಾಗ ಘರ್ಷಣೆಯಾಗಿ ಅವರಿಬ್ಬರೂ ಹತರಾದರು. ಸೈನ್ಯವು ಹಳ್ಳಿಗೆ ನುಗ್ಗಿತು. ವಿಚಾರಣೆಯ ತರುವಾಯ, 1943ರ ಮಾರ್ಚ್ ತಿಂಗಳಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಬ್ರಿಟಿಷರ ಹೆಸರಿನಲ್ಲಿ ಅಲ್ಲ, ಮೈಸೂರು ಮಹಾರಾಜರ ಹೆಸರಿನಲ್ಲಿ. ಕೊಲೆಯನ್ನು ಯಾವ ಪ್ರಭುತ್ವವೂ ಸಹಿಸದು, ಅದು ಸರಿ; ಆದರೆ ಕೊಲೆಯವರೆಗೆ ಹಳ್ಳಿಯನ್ನು ತಂದದ್ದು ಯಾವುದು ಎಂಬ ಪ್ರಶ್ನೆಯನ್ನು ಎತ್ತತಕ್ಕ ಸಭೆಯು ಅರುವತ್ತೊಂದು ವರ್ಷಗಳಷ್ಟು ಹಳೆಯದಾಗಿದ್ದರೂ, ಅದರ ಪ್ರಶ್ನೆಗೆ ಸರಕಾರವನ್ನು ಉರುಳಿಸುವ ಬಲವಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆಯೂ ಬಲ ಬರಲಿಲ್ಲ. 1947ರ ಆಗಸ್ಟ್ 15ರಂದು ದೇಶವೆಲ್ಲ ಸಂಭ್ರಮಿಸುತ್ತಿದ್ದಾಗ ಮೈಸೂರಿನಲ್ಲಿ ದಿವಾನರ ಆಡಳಿತವೇ ನಡೆದಿತ್ತು. ಸೆಪ್ಟೆಂಬರ್ 1ರಿಂದ ಮೈಸೂರು ಚಲೋ ಚಳವಳಿ ಹೊರಟಿತು. ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರನ್ನು ಕುರಿತ ‘ಆರ್ಕಾಟ್ ಬಾಯ್‌ಕಾಟ್’ ಎಂಬ ಕೂಗು ಬೀದಿಬೀದಿಯಲ್ಲಿ ಎದ್ದಿತು. ಸುಬ್ಬರಾಯನಕೆರೆಯ ಬಯಲಿನಲ್ಲಿ ಸಭೆಗಳಾದುವು. ಶಾಲೆ ಕಾಲೇಜುಗಳ ಹುಡುಗರು ಹೊರಗೆ ಬಂದರು. ಅವರಲ್ಲೊಬ್ಬನಾದ ರಾಮಸ್ವಾಮಿಯೆಂಬ ವಿದ್ಯಾರ್ಥಿಯು ಪೋಲೀಸರ ಗುಂಡಿಗೆ ಬಲಿಯಾದ. ನಗರ ಸಾರಿಗೆಯ ಬಸ್ಸಿನಲ್ಲಿ ‘ರಾಮಸ್ವಾಮಿ ಸರ್ಕಲ್, ರಾಮಸ್ವಾಮಿ ಸರ್ಕಲ್’ ಎಂದು ನಿರ್ವಾಹಕನು ಕೂಗುವಾಗ ಇಳಿಯುವವರಲ್ಲಿ ಎಷ್ಟು ಮಂದಿಗೆ ಆ ಬಾಲಕನ ನೆನಪಿದೆಯೋ ತಿಳಿಯೆ. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು, ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಉಪಕಾರಿ ಪ್ರಭುತ್ವವು ತನ್ನ ಉಪಕಾರಗಳ ಪಟ್ಟಿಯಲ್ಲಿ ಕಡೆಯವರೆಗೂ ಸೇರಿಸದೆ ಉಳಿಸಿಕೊಂಡಿದ್ದುದು ತನ್ನ ಅಧಿಕಾರವೊಂದನ್ನೇ. ಅದನ್ನು ಕೇಳಿ ಪಡೆಯಲು ಸಾಧ್ಯವಾಗಲಿಲ್ಲ.

ಇಷ್ಟನ್ನು ವಿಸ್ತರಿಸಿದುದಕ್ಕೆ ಕಾರಣವುಂಟು. ಮೈಸೂರು ಸೀಮೆಯವರಾದ ನಮ್ಮ ರಾಜಕೀಯ ಸ್ವಭಾವದಲ್ಲಿ ಒಂದು ಕೃತಜ್ಞತೆ ಬೇರೂರಿದೆ. ಅಣೆಕಟ್ಟನ್ನು ಕಟ್ಟಿದವರು, ದೀಪವನ್ನು ತಂದವರು, ಶಾಲೆಯನ್ನು ತೆರೆದವರು ಇವರ ಭಾವಚಿತ್ರಗಳನ್ನು ನಾವು ದೇವರ ಪಟಗಳ ಸಾಲಿನಲ್ಲಿ ತೂಗುಹಾಕುತ್ತೇವೆ. ಕೃತಜ್ಞತೆಯು ಮನೆಯಲ್ಲಿ ಸದ್ಗುಣ. ರಾಜ್ಯದಲ್ಲಿ ಅದು ಮಿತಿಮೀರಿದರೆ, ಆಳುವವನು ಏನು ಕೊಟ್ಟನೆಂಬ ಒಂದೇ ಪ್ರಶ್ನೆ ಉಳಿದು, ಅವನನ್ನು ಬೇಡವೆಂದು ಹೇಳಿದವನು ಆ ಸಂಜೆ ಮನೆಗೆ ಸುರಕ್ಷಿತವಾಗಿ ಮರಳಿದನೇ ಎಂಬ ಪ್ರಶ್ನೆ ಮರೆತುಹೋಗುತ್ತದೆ. ಡಾಕ್ಟರ್ ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನಸಭೆಯಲ್ಲಿ ಮಾಡಿದ ಭಾಷಣದಲ್ಲಿ, ಧರ್ಮದಲ್ಲಿ ಭಕ್ತಿಯು ಮೋಕ್ಷಕ್ಕೆ ದಾರಿಯಾದರೂ ಆದೀತು, ರಾಜಕೀಯದಲ್ಲಿ ಅದು ಅಧೋಗತಿಗೂ ಕಡೆಗೆ ಸರ್ವಾಧಿಕಾರಕ್ಕೂ ದಾರಿಯೆಂಬ ಅಭಿಪ್ರಾಯವನ್ನು ಹೇಳಿದರಷ್ಟೆ. 1936ರಲ್ಲಿ ರೋಮಿನ ಮೂಲಕ ಹಾದುಬರುವಾಗ ಮುಸೊಲಿನಿಯ ಭೇಟಿಯನ್ನು ಹಟಹಿಡಿದು ನಿರಾಕರಿಸಿದ ಜವಾಹರಲಾಲ್ ನೆಹರೂರವರು, ಮರುವರ್ಷ ಚಾಣಕ್ಯನೆಂಬ ಗುಪ್ತನಾಮದಿಂದ ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದು, ಈ ನೆಹರೂ ಎಂಬಾತನಲ್ಲಿ ಸರ್ವಾಧಿಕಾರಿಯಾಗತಕ್ಕ ಗುಣಗಳಿವೆ, ಎಚ್ಚರವಾಗಿರಿ ಎಂದು ತಮ್ಮ ವಿಷಯವಾಗಿಯೇ ದೇಶಕ್ಕೆ ಎಚ್ಚರಿಕೆ ಕೊಟ್ಟರು. ತಮ್ಮನ್ನು ತಾವು ಶಂಕಿಸಬಲ್ಲ ನಾಯಕರು ಇದ್ದ ಕಾಲವದು. ಎಚ್ಚರಿಕೆ ಬೇಕಾದದ್ದು ಅವರ 1937ರ ಕಾಲಕ್ಕಲ್ಲ, ಮೂವತ್ತೆಂಟು ವರ್ಷಗಳ ತರುವಾಯ ಅವರ ಮಗಳ ಕಾಲಕ್ಕೆ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಯಾಯಿತು. ಮರುದಿನ ಬೆಂಗಳೂರಿನಲ್ಲಿ, ಪಾರ್ಲಿಮೆಂಟಿನ ಸಮಿತಿಯೊಂದರ ಕೆಲಸಕ್ಕಾಗಿ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರನ್ನು ಬಂಧಿಸಿ ಸೆಂಟ್ರಲ್ ಜೈಲಿಗೆ ಕಳುಹಿಸಿದರು. ಪತ್ರಿಕೆಗಳಿಗೆ ಮುನ್‌ಸೆನ್ಸಾರ್ ಬಂದಿತು. ತಾತಯ್ಯನವರ ಕಾಲದ ಕಾನೂನು ಇದರ ಮುಂದೆ ಸೌಮ್ಯವೆನಿಸಿತು. ಶಿವರಾಮ ಕಾರಂತರು ತಮ್ಮ ಪದ್ಮಭೂಷಣವನ್ನು ಹಿಂದಿರುಗಿಸಿದರು. ಬಂಧಿತರ ಅರ್ಜಿಗಳನ್ನು ಕೇಳಲೇಬಾರದೆಂದು ಸರಕಾರವು ವಾದಿಸಿದಾಗ, ಅದನ್ನು ಒಪ್ಪದೆ ಇದ್ದ ಉಚ್ಚ ನ್ಯಾಯಾಲಯಗಳಲ್ಲಿ ಕರ್ನಾಟಕದ್ದೂ ಒಂದು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಡಿ. ಎಂ. ಚಂದ್ರಶೇಖರ್ ಅಲಹಾಬಾದಿಗೂ, ನ್ಯಾಯಮೂರ್ತಿ ಸದಾನಂದಸ್ವಾಮಿ ಗೌಹಾಟಿಗೂ ವರ್ಗವಾದರು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು, ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರ ವಿರೋಧವನ್ನು ಬಿಟ್ಟರೆ ಉಳಿದ ನಾಲ್ವರ ಅಭಿಪ್ರಾಯದಂತೆ, ಸರಕಾರದ ವಾದವನ್ನೇ ಎತ್ತಿಹಿಡಿಯಿತು. ಆ ತೀರ್ಪು ತಪ್ಪೆಂದು ಅದೇ ನ್ಯಾಯಾಲಯವು ಸ್ಪಷ್ಟವಾಗಿ ಹೇಳಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ನಾಲ್ವತ್ತೊಂದು ವರ್ಷ ಬೇಕಾಯಿತು.

ಅದು ಫ್ಯಾಸಿಸಮ್ಮೇ? ಹಾಗೆಂದು ಅಂದು ಅನೇಕರು ಹೇಳಿದರು, ಇಂದೂ ಹೇಳುತ್ತಾರೆ. ವಿಚಿತ್ರವೆಂದರೆ ಅಂದಿನ ಸರಕಾರವೂ ತನ್ನ ವಿರೋಧಿಗಳನ್ನು ಅದೇ ಹೆಸರಿನಿಂದ ಕರೆಯಿತು. ನಾನು ಒಪ್ಪಲಾರೆ. ಬೀದಿಯಲ್ಲಿ ಕಪ್ಪಂಗಿಯ ದಳಗಳಿರಲಿಲ್ಲ. ಜನವನ್ನು ಕೆರಳಿಸಿ ನೆರೆಯವರ ಮೇಲೆ ಬಿಡಲಿಲ್ಲ. ಬಲವಂತದ ಸಂತಾನಹರಣ ಚಿಕಿತ್ಸೆಯಂಥ ಘೋರಕೃತ್ಯಗಳನ್ನೂ ಅಧಿಕಾರಿಗಳ ಮೂಲಕವೇ ನಡೆಯಿಸಿದರು. ಕಡೆಗೆ ಚುನಾವಣೆಯನ್ನು ಕರೆದು, ಸೋತು, ಅಧಿಕಾರವನ್ನು ಬಿಟ್ಟು ಇಳಿದರು. ಅದು ಮೌನವನ್ನು ಬಯಸಿದ ಸರ್ವಾಧಿಕಾರ. ಈ ವಿವೇಚನೆಯನ್ನು ಮಾಡುವಾಗ ನನ್ನ ಧ್ವನಿ ತಗ್ಗುವುದುಂಟು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ, ಉಬ್ಬಸರೋಗದಿಂದ ನರಳುತ್ತಿದ್ದಾಗ್ಯೂ, ವಿಚಾರಣೆಯಿಲ್ಲದೆ ಸುಮಾರು ಎಂಟು ತಿಂಗಳು ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. 1977ರ ಜನವರಿಯಲ್ಲಿ ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ, 20ರಂದು, ಆಕೆ ತೀರಿಕೊಂಡರು. ಶಾಸ್ತ್ರೀಯವಾದ ವರ್ಗೀಕರಣವು ಆಕೆಗೆ ಯಾವ ಉಸಿರನ್ನೂ ಕೊಡುತ್ತಿರಲಿಲ್ಲ. ಆದರೂ ವರ್ಗೀಕರಣವನ್ನು ನಾವು ಬಿಡುವಂತಿಲ್ಲ. ಜನವು ಮೌನವಾಗಿದ್ದುದರಿಂದ ಬಂದ ಕೇಡಿಗೂ ಜನವೇ ಅಬ್ಬರಿಸಿ ತಂದ ಕೇಡಿಗೂ ಮದ್ದು ಒಂದೇ ಆಗಿರಲಾರದು.

ಈಗ ನನ್ನನ್ನು ಬಹುಕಾಲದಿಂದ ಕಾಡಿರುವ ಸಂಗತಿಗೆ ಬರುತ್ತೇನೆ. 1977ರ ಮಾರ್ಚ್ ತಿಂಗಳ ಚುನಾವಣೆಯಲ್ಲಿ ಉತ್ತರಭಾರತವು ತುರ್ತು ಪರಿಸ್ಥಿತಿಯ ಸರಕಾರವನ್ನು ಬುಡಮೇಲು ಮಾಡಿತು, ಪ್ರಧಾನಮಂತ್ರಿಯೇ ಸೋತರು. ಕರ್ನಾಟಕವು 28 ಲೋಕಸಭಾ ಸ್ಥಾನಗಳಲ್ಲಿ 26ನ್ನು ಅದೇ ಪಕ್ಷಕ್ಕೆ ಕೊಟ್ಟಿತು. ಮರುವರ್ಷ ಚಿಕ್ಕಮಗಳೂರು ಆ ಸೋತ ಪ್ರಧಾನಮಂತ್ರಿಯನ್ನೇ ಲೋಕಸಭೆಗೆ ಆರಿಸಿ ಕಳುಹಿಸಿತು. ನಮ್ಮ ಜನಕ್ಕೆ ಸ್ವಾತಂತ್ರ್ಯದ ಬೆಲೆ ತಿಳಿಯದೆಂದು ಇದನ್ನು ವ್ಯಾಖ್ಯಾನಿಸಿದ ವಿದ್ವಾಂಸರಿದ್ದಾರೆ. ಆ ವ್ಯಾಖ್ಯಾನದಲ್ಲಿ ನಗರದ ಮಾಳಿಗೆಯ ಮೇಲಿಂದ ಹೊಲವನ್ನು ನೋಡುವ ದೃಷ್ಟಿಯಿದೆ.

ಹೊಲದಲ್ಲಿ ನಡೆದುದು ಇಷ್ಟು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದರು. ಅವರ ಸರಕಾರದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ನೆಲವೆಲ್ಲ ಸರಕಾರದ ವಶವಾಗಿ, ಉಳುತ್ತಿದ್ದವನು 7ನೆಯ ನಮೂನೆಯ ಅರ್ಜಿಯನ್ನು ಹಾಕಿದರೆ ಭೂನ್ಯಾಯ ಮಂಡಳಿಯು ವಿಚಾರಿಸಿ ಅವನಿಗೆ ಅಧಿಭೋಗದ ಹಕ್ಕನ್ನು ಕೊಡತಕ್ಕದ್ದೆಂದು ಏರ್ಪಾಟಾಯಿತು. ತಲೆತಲಾಂತರದಿಂದ ಒಡೆಯನ ಜಗಲಿಯ ಕೆಳಗೆ ನಿಂತು ಗೇಣಿಯನ್ನು ಅಳೆದುಕೊಟ್ಟವನು, ಅದೇ ಒಡೆಯನ ಎದುರಿಗೆ ಮಂಡಳಿಯ ಮುಂದೆ ನಿಂತು ‘ಈ ನೆಲ ನಾನು ಉಳುತ್ತಿರುವುದು’ ಎಂದು ಬಾಯಿಬಿಟ್ಟು ಹೇಳಿದ. ಪ್ರಜಾಪ್ರತಿನಿಧಿ ಸಭೆಗೆ ಅವನ ಅಜ್ಜನನ್ನು ಯಾರೂ ಕರೆದಿರಲಿಲ್ಲ. ಆ ಮಂಡಳಿಗಳ ಮುಂದೆ ವಕೀಲರು ಬರಕೂಡದೆಂದು ಶಾಸನವು ನಿಷೇಧಿಸಿತ್ತು. ಅದಕ್ಕೆ ಕಾರಣವೂ ಸ್ಪಷ್ಟವೇ: ಒಡೆಯನಿಗೆ ವಕೀಲರು ದೊರೆಯುತ್ತಿದ್ದರು, ಗೇಣಿದಾರನಿಗೆ ದೊರೆಯುತ್ತಿರಲಿಲ್ಲ. ವಕೀಲನಿಲ್ಲದ ವಿಚಾರಣೆಯು ಆ ಗೇಣಿದಾರನಿಗೆ ವರವಾದ ವರ್ಷಗಳಲ್ಲಿಯೇ, ವಿಚಾರಣೆಯೇ ಇಲ್ಲದ ಬಂಧನವು ಬೆಂಗಳೂರಿನ ಸೆರೆಮನೆಯಲ್ಲಿದ್ದವರಿಗೆ ಶಾಪವಾಯಿತು. ಎರಡಕ್ಕೂ ಮುದ್ರೆಯೊತ್ತಿದ್ದು ಒಂದೇ ಪಕ್ಷ.

ಮಿಲ್ಲರ್ ಸಮಿತಿಯ ಕಾಲದಲ್ಲಿ ಅರಮನೆಯನ್ನು ನೆಚ್ಚಿದವರ ಮೊಮ್ಮಕ್ಕಳು 1977ರಲ್ಲಿ ಅರಸರನ್ನು ನೆಚ್ಚಿದರೆ, ಅವರನ್ನು ಕೃತಜ್ಞತೆಯಿಂದ ಕುರುಡಾದವರೆಂದು ಮಾತ್ರ ಹೇಳಿ ಸುಮ್ಮನಾಗುವುದು ನನ್ನಿಂದಾಗದು. ಸ್ವಾತಂತ್ರ್ಯದ ಪಕ್ಷವಾಗಿ ಮತ ಕೇಳಲು ಹಳ್ಳಿಗೆ ಹೋದವರಲ್ಲಿ, ನೆಲ ಕಳೆದುಕೊಂಡ ಒಡೆಯರ ಮನೆಯವರೂ ಇದ್ದರು. ನೀವು ಗೆದ್ದರೆ ನನ್ನ ಅರ್ಜಿಯ ಗತಿಯೇನಾಗುವುದೆಂಬ ಪ್ರಶ್ನೆಗೆ ಗೇಣಿದಾರನು ನಂಬತಕ್ಕ ಉತ್ತರವನ್ನು ಅವರು ಒಯ್ದಿರಲಿಲ್ಲವೆಂಬುದು ನನ್ನ ಎಣಿಕೆ. ಅವನ ಅರ್ಜಿ ಆಗ ಇನ್ನೂ ಮಂಡಳಿಯ ಮುಂದೆ ಇತ್ತು.